ಪೈಲಟ್ ಆಫೀಸರ್ ಎಂದರೆ ಪೈಲಟ್ ಅಲ್ಲ

ಮಾನ್ಯ ಸಂಪಾದಕರೇ,

ಎರಡನೇ ಮಹಾಯುದ್ಧದಲ್ಲಿ ಜೀವ ತೆತ್ತ ಕ್ರಿಕೆಟಿಗರ ಬಗ್ಗೆ ನಿಮ್ಮ ಕ್ರೀಡಾ ಪುರವಣಿಯಲ್ಲಿ ಬಂದ ಲೇಖನ ಓದಿದೆವು. ಆಸ್ಟ್ರೇಲಿಯಾದ ರಾಸ್ ಗ್ರೆಗೊರಿ ಅವರಿಗೆ ಅದರಲ್ಲಿ ಅರ್ಧ ಕಾಲಂ ಸಿಕ್ಕಿರುವುದು ಸಂತೋಷ. ಎರಡೇ ಟೆಸ್ಟ್ ಆಡಿದವರನ್ನು ಈಗ ಯಾರು ನೆನೆಯುತ್ತಾರೆ? ಆದರೆ ಆ ಅರ್ಧ ಕಾಲಮಿನಲ್ಲಿ ಮೂರು ತಪ್ಪುಗಳಿವೆ. ಶೀರ್ಷಿಕೆಯಲ್ಲಿ ಅವರು ‘ಬಾಂಬರ್ ಪೈಲಟ್’. ಒಳಗೆ ಇಳಿದರೆ ‘ವಾಯುಪಡೆಯ ವೀಕ್ಷಕ’. ಕೊನೆಯ ಸಾಲಿನಲ್ಲಿ ‘ಅಸ್ಸಾಂನಲ್ಲಿ ಮರಣ’. ಒಬ್ಬನೇ ಮನುಷ್ಯ ಒಂದೇ ಪುಟದಲ್ಲಿ ಪೈಲಟ್ಟೂ ಆಗಿ ವೀಕ್ಷಕನೂ ಆಗಿದ್ದು ಹೇಗೆ ಎಂದು ಯಾವ ಓದುಗರೂ ಕೇಳಲಿಲ್ಲವೆಂದು ಕಾಣುತ್ತದೆ. ನಾವು ಕೇಳುತ್ತಿದ್ದೇವೆ, ಉತ್ತರವನ್ನೂ ನಾವೇ ಕೊಡುತ್ತೇವೆ.

ಮೊದಲು ‘ಪೈಲಟ್’. ಗ್ರೆಗೊರಿ ಆಸ್ಟ್ರೇಲಿಯಾದ ವಾಯುಪಡೆಯಲ್ಲಿ ‘ಪೈಲಟ್ ಆಫೀಸರ್’ ಆಗಿದ್ದರು. ಅದು ಹುದ್ದೆಯ ದರ್ಜೆ, ಮಾಡುವ ಕೆಲಸವಲ್ಲ. ಬ್ರಿಟಿಷ್ ಮಾದರಿಯ ವಾಯುಪಡೆಗಳಲ್ಲಿ ಅಧಿಕಾರಿಗಳ ಅತಿ ಕೆಳಗಿನ ಮೆಟ್ಟಿಲು ಪೈಲಟ್ ಆಫೀಸರ್, ಅದರ ಮೇಲೆ ಫ್ಲೈಯಿಂಗ್ ಆಫೀಸರ್, ಆಮೇಲೆ ಫ್ಲೈಟ್ ಲೆಫ್ಟಿನೆಂಟ್. ನಮ್ಮ ವಾಯುಪಡೆಯಲ್ಲಿ ಈಗಲೂ ಲೆಕ್ಕಪತ್ರ ವಿಭಾಗಕ್ಕೆ ಸೇರಿದ ಹೊಸ ಅಧಿಕಾರಿ ಫ್ಲೈಯಿಂಗ್ ಆಫೀಸರ್ ಎಂದೇ ಕರೆಸಿಕೊಳ್ಳುತ್ತಾರೆ. ಅವರು ವಿಮಾನ ಹಾರಿಸುವುದಿಲ್ಲ. ಗ್ರೆಗೊರಿ ವಿಷಯದಲ್ಲೂ ಆಗಿದ್ದು ಇದೇ. ದಾಖಲೆಯಲ್ಲಿ ದರ್ಜೆ ಓದಿದವರು ಕೆಲಸವನ್ನು ಊಹಿಸಿಕೊಂಡರು.

ಎರಡನೆಯದು ‘ವೀಕ್ಷಕ’. ಇಲ್ಲಿ ಲೇಖಕರ ಮೇಲೆ ನಮಗೆ ಸ್ವಲ್ಪ ಅನುಕಂಪವಿದೆ. ಯುದ್ಧದ ಮೊದಲ ವರ್ಷಗಳಲ್ಲಿ ಆ ಹುದ್ದೆಯ ಹೆಸರೇ ‘ಏರ್ ಅಬ್ಸರ್ವರ್’. ನಿಘಂಟು ನೋಡಿದರೆ ವೀಕ್ಷಕ ಎಂದೇ ಸಿಗುತ್ತದೆ. ಆದರೆ ರೇಡಿಯೊದಲ್ಲಿ ವೀಕ್ಷಕ ವಿವರಣೆ ಕೇಳಿ ಬೆಳೆದ ಕನ್ನಡಿಗರಿಗೆ ವೀಕ್ಷಕ ಎಂದರೆ ಆಟ ನೋಡುತ್ತ ಕುಳಿತವನು. ಕಿಟಕಿಯ ಪಕ್ಕ ಕುಳಿತು ಕೆಳಗೆ ನೋಡುತ್ತಿದ್ದ ಮನುಷ್ಯನ ಚಿತ್ರ ಮನಸ್ಸಿಗೆ ಬರುತ್ತದೆ. ನಿಜದಲ್ಲಿ ಆ ವಿಮಾನದಲ್ಲಿ ಹೊರಗೆ ನೋಡಲು ಎಲ್ಲರಿಗಿಂತ ಕಡಿಮೆ ಬಿಡುವಿದ್ದವನು ಅವನೇ. ಅಬ್ಸರ್ವರ್ ಎಂದರೆ ನ್ಯಾವಿಗೇಟರ್, ಜೊತೆಗೆ ಬಾಂಬ್ ಗುರಿಕಾರ, ಬೇಕಾದಾಗ ಮೆಷಿನ್‌ಗನ್ ಹಿಡಿಯುವವನೂ ಹೌದು. ಎದೆಯ ಮೇಲೆ ಒಂದೇ ರೆಕ್ಕೆ ಅಂಟಿದ ‘ಓ’ ಅಕ್ಷರದ ಬ್ಯಾಡ್ಜ್ ಇರುತ್ತಿತ್ತು. ಪೈಲಟ್‌ಗಳಿಗೆ ಎರಡು ರೆಕ್ಕೆ. 1942ರಲ್ಲಿ ಬ್ರಿಟಿಷರು ಈ ಕೆಲಸವನ್ನು ಒಡೆದು ನ್ಯಾವಿಗೇಟರ್ ಬೇರೆ, ಬಾಂಬ್ ಗುರಿಕಾರ ಬೇರೆ ಮಾಡಿದರು, ‘ಎನ್’ ಮತ್ತು ‘ಬಿ’ ಎಂಬ ಹೊಸ ಬ್ಯಾಡ್ಜುಗಳು ಬಂದವು. ಗ್ರೆಗೊರಿ ತರಬೇತಿ ಪಡೆದದ್ದು ಎಲ್ಲವನ್ನೂ ಒಬ್ಬನೇ ಮಾಡಬೇಕಿದ್ದ ಹಳೆಯ ಪದ್ಧತಿಯಲ್ಲಿ. ಕನ್ನಡದಲ್ಲಿ ಪಥದರ್ಶಕ ಎನ್ನಬಹುದು. ನ್ಯಾವಿಗೇಟರ್ ಎಂದೇ ಬರೆದರೂ ಯಾರಿಗೂ ತೊಂದರೆಯಿಲ್ಲ. ವೀಕ್ಷಕ ಮಾತ್ರ ಬೇಡ.

ಕ್ರಿಕೆಟ್ ಭಾಗ ಚುಟುಕಾಗಿ ಹೇಳುತ್ತೇವೆ, ಲೇಖನದಲ್ಲಿ ಅದು ಹೆಚ್ಚುಕಡಿಮೆ ಸರಿಯಾಗಿಯೇ ಇದೆ. ಗ್ರೆಗೊರಿ ಹುಟ್ಟಿದ್ದು 1916ರ ಫೆಬ್ರವರಿ 28ರಂದು. ಮೆಲ್ಬರ್ನ್‌ನ ಹುಡುಗ, ವಿಕ್ಟೋರಿಯಾ ತಂಡದ ಬ್ಯಾಟ್ಸ್‌ಮನ್, ಲೆಗ್ ಸ್ಪಿನ್ನನ್ನೂ ಹಾಕುತ್ತಿದ್ದರು. 1936-37ರ ಆ್ಯಷಸ್ ಸರಣಿಯಲ್ಲಿ ಮೊದಲೆರಡು ಟೆಸ್ಟ್ ಸೋತಿದ್ದ ಬ್ರಾಡ್ಮನ್ ತಂಡ ಮೂರನೆಯದನ್ನು ಗೆದ್ದ ಮೇಲೆ, ಅಡಿಲೇಡ್‌ನ ನಾಲ್ಕನೇ ಟೆಸ್ಟಿಗೆ ಅವರನ್ನು ಆರಿಸಿದರು. 23 ಮತ್ತು 50. ಮೆಲ್ಬರ್ನ್‌ನ ಐದನೆಯದರಲ್ಲಿ ಒಂದೇ ಇನಿಂಗ್ಸ್, 80. ಒಟ್ಟು 153 ರನ್, ಮೂರು ಇನಿಂಗ್ಸ್, ಸರಾಸರಿ 51. ಮೆಲ್ಬರ್ನ್ ಟೆಸ್ಟ್ ಶುರುವಾದದ್ದು ಫೆಬ್ರವರಿ 26ರ ಶುಕ್ರವಾರ. ಭಾನುವಾರ ಆಟಕ್ಕೆ ರಜೆ. ಅಂದೇ ಅವರಿಗೆ 21 ತುಂಬಿತು. ಆಸ್ಟ್ರೇಲಿಯಾ ಇನಿಂಗ್ಸ್ ಮತ್ತು 200 ರನ್‌ಗಳಿಂದ ಗೆದ್ದು, ಸರಣಿಯನ್ನು 3-2ರಿಂದ ಕೈಗೆ ತೆಗೆದುಕೊಂಡಿತು. 1938ರ ಇಂಗ್ಲೆಂಡ್ ಪ್ರವಾಸಕ್ಕೆ ಗ್ರೆಗೊರಿಯನ್ನು ಕರೆಯಲಿಲ್ಲ. ಟೆಸ್ಟ್ ಬದುಕು ಅಲ್ಲಿಗೆ ಮುಗಿಯಿತು.

ಲೇಖನ ಬಿಟ್ಟ ಒಂದು ಸಂಗತಿ ಇದೆ. ಆ ಕೊನೆಯ ಇನಿಂಗ್ಸಿನ ಸ್ಕೋರ್‌ಕಾರ್ಡಿನಲ್ಲಿ ಅವರ ಸಾಲು ಹೀಗಿದೆ: ಗ್ರೆಗೊರಿ, ಕ್ಯಾಚ್ ವೆರಿಟಿ, ಬೌಲ್ಡ್ ಫಾರ್ನ್ಸ್, 80. ಕೆನ್ ಫಾರ್ನ್ಸ್ ಆ ಇನಿಂಗ್ಸಿನಲ್ಲಿ 96 ರನ್ ಕೊಟ್ಟು ಆರು ವಿಕೆಟ್ ತೆಗೆದಿದ್ದ ಎಸೆಕ್ಸ್‌ನ ವೇಗಿ. 1941ರ ಅಕ್ಟೋಬರ್ 20ರಂದು ಇಂಗ್ಲೆಂಡಿನ ಚಿಪ್ಪಿಂಗ್ ವಾರ್ಡನ್‌ನಲ್ಲಿ ರಾತ್ರಿ ಹಾರಾಟದ ತರಬೇತಿಯ ವೇಳೆ ವಿಮಾನ ಬಿದ್ದು ತೀರಿಕೊಂಡರು. ಹೆಡ್ಲಿ ವೆರಿಟಿ ಯಾರ್ಕ್‌ಷೈರ್‌ನ ಎಡಗೈ ಸ್ಪಿನ್ನರ್. ಸಿಸಿಲಿಯಲ್ಲಿ ಗಾಯಗೊಂಡು ಸೆರೆಸಿಕ್ಕು 1943ರ ಜುಲೈ 31ರಂದು ಇಟಲಿಯ ಕಸೆರ್ಟಾದಲ್ಲಿ ಹೋದರು. ಅವೆರಡರ ನಡುವೆ, 1942ರ ಜೂನ್ 10ರಂದು, ಗ್ರೆಗೊರಿ. ಔಟಾದವರು, ಕ್ಯಾಚ್ ಹಿಡಿದವರು, ಚೆಂಡು ಹಾಕಿದವರು, ಮೂವರೂ. ಇವರಲ್ಲಿ ಫಾರ್ನ್ಸ್ ಕೂಡ ದರ್ಜೆಯಿಂದ ಪೈಲಟ್ ಆಫೀಸರ್, ಆದರೆ ಅವರು ನಿಜಕ್ಕೂ ಪೈಲಟ್. ದರ್ಜೆ ಒಂದೇ, ಕೆಲಸ ಬೇರೆ ಎಂಬುದಕ್ಕೆ ಒಂದೇ ಸ್ಕೋರ್‌ಕಾರ್ಡಿನಲ್ಲಿ ಎರಡು ಉದಾಹರಣೆ.

ಈಗ ನಾವು ಬರೆಯಲು ಕುಳಿತ ನಿಜವಾದ ಕಾರಣಕ್ಕೆ ಬರುತ್ತೇವೆ. ಗ್ರೆಗೊರಿ ಪೈಲಟ್ ಅಲ್ಲ ಎಂದರೆ ಅವರನ್ನು ಒಂದು ಮೆಟ್ಟಿಲು ಇಳಿಸಿದಂತೆ ಎಂದು ಕೆಲವರಿಗೆ ಅನಿಸಬಹುದು. ವಿಮಾನದ ಕ್ಯಾಪ್ಟನ್ ಪೈಲಟ್ಟೇ ಆಗಿರುತ್ತಿದ್ದ, ಅದು ನಿಜ. ಪೈಲಟ್ ಬರೀ ಸಾರ್ಜೆಂಟ್ ಆಗಿದ್ದು ನ್ಯಾವಿಗೇಟರ್ ಅಧಿಕಾರಿಯಾಗಿದ್ದರೂ ಗಾಳಿಯಲ್ಲಿ ಸಾರ್ಜೆಂಟನ ಮಾತೇ ನಡೆಯಬೇಕು. ಆದರೆ ಕತ್ತಲಲ್ಲಿ ಎಂಟು ಗಂಟೆ ಹಾರುವ ವಿಮಾನ ಎಲ್ಲಿದೆ ಎಂದು ಹೇಳುವವನು ಒಬ್ಬನೇ ಇದ್ದ. ಅವನ ಲೆಕ್ಕ ತಪ್ಪಿದರೆ ಪೈಲಟ್ ಎಷ್ಟೇ ಚೆನ್ನಾಗಿ ಹಾರಿಸಿದರೂ ತಪ್ಪು ಊರಿಗೆ ಚೆನ್ನಾಗಿ ಹೋಗಿ ಮುಟ್ಟುತ್ತಿದ್ದರು.

1939ರ ಡಿಸೆಂಬರ್ 17ರಂದು ಒಟ್ಟಾವಾದಲ್ಲಿ ಬ್ರಿಟನ್, ಕೆನಡಾ, ಆಸ್ಟ್ರೇಲಿಯಾ, ನ್ಯೂಜಿಲೆಂಡ್ ಸಹಿ ಮಾಡಿದ ಎಂಪೈರ್ ಏರ್ ಟ್ರೈನಿಂಗ್ ಯೋಜನೆಯಡಿ ಆಸ್ಟ್ರೇಲಿಯಾದ ಹುಡುಗರು ಸಾವಿರಗಟ್ಟಲೆ ಸೇರಿದರು. ಎಲ್ಲರಿಗೂ ಮೊದಲು ಒಂದೇ ಪ್ರಾಥಮಿಕ ಶಾಲೆ. ಅಲ್ಲಿಂದ ಸಮಿತಿಯೊಂದು ಪೈಲಟ್, ಅಬ್ಸರ್ವರ್, ವೈರ್‌ಲೆಸ್-ಗನ್ನರ್ ಎಂದು ವಿಂಗಡಿಸುತ್ತಿತ್ತು. ಬಹುತೇಕರಿಗೆ ಪೈಲಟ್ ಆಗುವ ಆಸೆ. ಗಣಿತದಲ್ಲಿ ಚುರುಕಾದವರನ್ನು ಸಮಿತಿ ಅಬ್ಸರ್ವರ್ ಕಡೆ ತಳ್ಳುತ್ತಿತ್ತು. ಅಬ್ಸರ್ವರ್‌ಗೆ ಮೂರು ಹಂತದ ಪಾಠ: ಕೂಟಮುಂಡ್ರಾದಂಥ ಶಾಲೆಯಲ್ಲಿ ನಕ್ಷೆ, ದಿಕ್ಸೂಚಿ, ಗಾಳಿ ಲೆಕ್ಕ, ಇವಾನ್ಸ್ ಹೆಡ್‌ನಲ್ಲಿ ಬಾಂಬ್ ಮತ್ತು ಬಂದೂಕು, ಕೊನೆಗೆ ಪಾರ್ಕ್ಸ್‌ನಲ್ಲಿ ನಕ್ಷತ್ರ ನೋಡಿ ಸ್ಥಾನ ಕಂಡುಹಿಡಿಯುವುದು.

ಇಷ್ಟು ಕಲಿತು ಅವನು ಕೂರುತ್ತಿದ್ದುದು ವೆಲ್ಲಿಂಗ್ಟನ್ ಬಾಂಬರ್‌ನಲ್ಲಿ. ಎರಡು ಎಂಜಿನ್, ಬಾರ್ನ್ಸ್ ವಾಲಿಸ್ ವಿನ್ಯಾಸದ, ಬಿದಿರು ಬುಟ್ಟಿಯಂತೆ ಹೆಣೆದ ಲೋಹದ ಪಟ್ಟಿಗಳ ಮೈ, ಅದರ ಮೇಲೆ ಎಳೆದು ಬಿಗಿದ ಬಟ್ಟೆ. ಬಟ್ಟೆ ಹರಿದರೂ ಹೆಣಿಗೆ ಹಿಡಿದು ನಿಲ್ಲುತ್ತಿತ್ತು, ಅದು ಅದರ ಹೆಚ್ಚುಗಾರಿಕೆ. ಗಾಳಿಯೂ ಚಳಿಯೂ ಒಳಗೆ ನುಗ್ಗುತ್ತಿತ್ತು, ಅದು ಒಳಗಿದ್ದವರ ಪಾಡು. ನ್ಯಾವಿಗೇಟರ್‌ಗೆ ಒಂದು ಸಣ್ಣ ಮೇಜು, ಮುಸುಕಿದ ದೀಪ. ಮೇಜಿನ ಮೇಲೆ ಚಾರ್ಟು, ಗೆರೆ ಎಳೆಯುವ ಪಟ್ಟಿ, ಚೌಕನೆಯ ಪಾರದರ್ಶಕ ಕೋನಮಾಪಕ, ಡಿವೈಡರ್, ರಬ್ಬರ್, ಎರಡು-ಮೂರು ಪೆನ್ಸಿಲ್. ಒಂದೇ ಪೆನ್ಸಿಲ್ ತಂದವನು ಅದು ಕತ್ತಲಲ್ಲಿ ಉರುಳಿ ನೆಲದ ಸಂದಿಗೆ ಬಿದ್ದ ದಿನ ಬುದ್ಧಿ ಕಲಿಯುತ್ತಿದ್ದ.

ಲೆಕ್ಕದ ತಿರುಳು ಹೇಳುವುದಕ್ಕೆ ಸುಲಭ. ವಿಮಾನ ಗಾಳಿಯೊಳಗೆ ಹೋಗುತ್ತದೆ, ಗಾಳಿ ನೆಲದ ಮೇಲೆ ಹೋಗುತ್ತದೆ. ತುಂಗಭದ್ರೆ ತುಂಬಿ ಹರಿಯುವಾಗ ಹರಿಗೋಲನ್ನು ನೇರ ಎದುರು ದಡಕ್ಕೆ ಹುಟ್ಟು ಹಾಕಿದರೆ ಎಲ್ಲಿಗೆ ಮುಟ್ಟುತ್ತೀರಿ ಎಂದು ಅಂಬಿಗನನ್ನು ಕೇಳಿ. ಅವನು ಮೊದಲೇ ಹೊಳೆಯ ಮೇಲ್ಗಡೆಗೆ ಮುಖ ಮಾಡಿ ಹೊರಡುತ್ತಾನೆ. ಎಷ್ಟು ಮೇಲ್ಗಡೆಗೆ ಎಂಬುದು ಅವನಿಗೆ ಕಣ್ಣಂದಾಜು. ನ್ಯಾವಿಗೇಟರ್‌ಗೆ ದಡ ಕಾಣುವುದಿಲ್ಲ. ಅವನು ಅದನ್ನು ಡಿಗ್ರಿಯಲ್ಲಿ ಹೇಳಬೇಕು.

ಒಂದು ಉದಾಹರಣೆ ಮಾಡಿ ತೋರಿಸುತ್ತೇವೆ. ಇದು ಗ್ರೆಗೊರಿಯ ಲಾಗ್ ಪುಸ್ತಕದ ಪುಟವಲ್ಲ, ಅವರು ತೀರಿಕೊಂಡ ಬಂಗಾಳದ ಕಡೆಯ ನಕ್ಷೆಯ ಮೇಲೆ ನಾವೇ ಹಾಕಿದ ಲೆಕ್ಕ. ಪಶ್ಚಿಮ ಬಂಗಾಳದ ಅಸನ್ಸೋಲ್‌ನಿಂದ ಉತ್ತರ ಬರ್ಮಾದ ಮಿಟ್‌ಕೀನಾಕ್ಕೆ ಹೋಗಬೇಕು. 1942ರ ಮೇ 8ಕ್ಕೆ ಅದು ಜಪಾನೀಯರ ವಶವಾಗಿತ್ತು. ದೂರ ಸುಮಾರು 570 ನಾಟಿಕಲ್ ಮೈಲಿ. ನಕ್ಷೆಯ ಮೇಲೆ ಗೆರೆ ಎಳೆದರೆ ಪಥ 080 ಡಿಗ್ರಿ, ಅಂದರೆ ಪೂರ್ವಕ್ಕಿಂತ ಹತ್ತು ಡಿಗ್ರಿ ಉತ್ತರಕ್ಕೆ. ಎತ್ತರ 10,000 ಅಡಿ. ಮುಳ್ಳು ತೋರಿಸುವ ವೇಗ 120 ನಾಟ್, ಅಂದರೆ ಗಂಟೆಗೆ 120 ನಾಟಿಕಲ್ ಮೈಲಿ. ಇಲ್ಲೇ ಮೊದಲ ತಿದ್ದುಪಡಿ: ಮೇಲೆ ಗಾಳಿ ತೆಳು, ಆದ್ದರಿಂದ ವೇಗಮಾಪಕ ಕಡಿಮೆ ತೋರಿಸುತ್ತದೆ. ಸಾವಿರ ಅಡಿಗೆ ಶೇ 2ರಷ್ಟು ಸೇರಿಸಬೇಕೆಂಬುದು ಬಾಯಿಲೆಕ್ಕ. ಅದರಂತೆ 144 ಬರುತ್ತದೆ, ಸರಿಯಾಗಿ ಗುಣಿಸಿದರೆ 10,000 ಅಡಿಯಲ್ಲಿ 120 ಎಂದರೆ ನಿಜವಾದ ವೇಗ 140. ಬಂಗಾಳದ ಜೂನ್ ತಿಂಗಳ ಬೆಚ್ಚನೆ ಗಾಳಿಗೆ ಇನ್ನೂ ಮೂರ್ನಾಲ್ಕು ನಾಟ್ ಸೇರುತ್ತದೆ; ಹೊರಗಿನ ತಾಪಮಾನ ಓದದೆ ಬಿಟ್ಟರೆ ಆ ತಪ್ಪು ಗಂಟೆಗೆ ಮೂರ್ನಾಲ್ಕು ಮೈಲಿಯಂತೆ ಬೆಳೆಯುತ್ತ ಹೋಗುತ್ತದೆ. ಸದ್ಯಕ್ಕೆ 140 ಎಂದೇ ಇಟ್ಟುಕೊಳ್ಳೋಣ.

ಗಾಳಿ 170 ಡಿಗ್ರಿಯಿಂದ, ಅಂದರೆ ದಕ್ಷಿಣದ ಕಡೆಯಿಂದ, 25 ನಾಟ್. ವಿಮಾನದ ಬಲಗಡೆಯಿಂದ ನೇರ ಅಡ್ಡ ಬೀಸುತ್ತಿದೆ. ಕಾಗದದ ಮೇಲೆ ತ್ರಿಕೋನ ಎಳೆದರೆ ಮೂತಿಯನ್ನು 10 ಡಿಗ್ರಿ ಬಲಕ್ಕೆ ತಿರುಗಿಸಬೇಕು ಎಂದು ಬರುತ್ತದೆ. ಪೈಲಟ್‌ಗೆ ಹೇಳಬೇಕಾದ ಕೋರ್ಸ್ 090. ನೆಲದ ಮೇಲಿನ ವೇಗ 138 ನಾಟ್. ಮಿಟ್‌ಕೀನಾ ಮುಟ್ಟಲು 4 ಗಂಟೆ 8 ನಿಮಿಷ. ಗಾಳಿಯನ್ನೇ ಮರೆತು 080ರಲ್ಲೇ ಹೋದರೆ ಅಷ್ಟು ಹೊತ್ತಿಗೆ ವಿಮಾನ ನೂರು ಮೈಲಿ ಉತ್ತರಕ್ಕೆ ತೇಲಿರುತ್ತದೆ. ಈ ತೇಲುವಿಕೆಗೆ ಅವರ ಭಾಷೆಯಲ್ಲಿ ಡ್ರಿಫ್ಟ್ ಎನ್ನುತ್ತಾರೆ. ಸ್ಪಿನ್ನರ್‌ಗಳೂ ಇದೇ ಪದ ಬಳಸುತ್ತಾರೆ. ಲೆಗ್ ಸ್ಪಿನ್ ಹಾಕಿದವರಿಗೆ ಆ ಮಾತಾದರೂ ಹೊಸದಾಗಿರಲಿಕ್ಕಿಲ್ಲ.

ಇಷ್ಟು ಸರಳವಾದರೆ ಕಷ್ಟ ಎಲ್ಲಿ? ಗಾಳಿ 25 ನಾಟ್ ಎಂದು ಹೇಳಿದವರು ಯಾರು ಎಂಬಲ್ಲಿ. ಹೊರಡುವ ಮುಂಚೆ ಹವಾಮಾನದವರು ಕೊಡುವುದು ಅಂದಾಜು. ಶತ್ರುವಿನ ಕೈಯಲ್ಲಿರುವ ಬೆಟ್ಟಗಳ ಮೇಲಿನ ಗಾಳಿಯನ್ನು ಅಳೆದು ಹೇಳುವವರು ಯಾರೂ ಇಲ್ಲ. ಅವರು 10 ನಾಟ್ ಎಂದರು, ನಿಜದಲ್ಲಿ 25 ಇತ್ತು ಎಂದುಕೊಳ್ಳಿ. ನ್ಯಾವಿಗೇಟರ್ 4 ಡಿಗ್ರಿ ತಿದ್ದಿದ, ಬೇಕಿದ್ದುದು 10. ಉಳಿದ 6 ಡಿಗ್ರಿ ಸಣ್ಣದೆಂದು ಕಾಣುತ್ತದೆ. 450 ಮೈಲಿ ಹೋಗುವ ಹೊತ್ತಿಗೆ ಅದು ಪಥದಿಂದ 45 ಮೈಲಿಗೂ ಹೆಚ್ಚು ಉತ್ತರಕ್ಕೆ ಒಯ್ದಿರುತ್ತದೆ. ಹೆಚ್ಚುಕಡಿಮೆ ಅದೇ ಜಾಗದಲ್ಲಿ ನಾಗಾ ಬೆಟ್ಟಗಳ ಸರಮತಿ ಶಿಖರ ನಿಂತಿದೆ, 3,826 ಮೀಟರ್, ಅಂದರೆ 12,500 ಅಡಿ ದಾಟಿ. ವಿಮಾನ ಇರುವುದು 10,000 ಅಡಿಯಲ್ಲಿ, ಮೋಡದೊಳಗೆ.

ಅರವತ್ತಕ್ಕೆ ಒಂದು ಎಂಬ ಸೂತ್ರ ಪ್ರತಿ ನ್ಯಾವಿಗೇಟರ್‌ಗೂ ಬಾಯಿಪಾಠ: ಒಂದು ಡಿಗ್ರಿ ತಪ್ಪಿದರೆ 60 ಮೈಲಿಗೆ ಒಂದು ಮೈಲಿ ಪಕ್ಕಕ್ಕೆ. ನಮ್ಮ ಕಡೆಯ ನಕ್ಷೆಯಲ್ಲಿ ನೋಡಬೇಕೆಂದರೆ, ಬೆಂಗಳೂರಿನಿಂದ ಮಂಗಳೂರಿಗೆ ನೇರ ದೂರ ಸುಮಾರು 300 ಕಿ.ಮೀ. ಹತ್ತು ಡಿಗ್ರಿ ಬಲಕ್ಕೆ ತಪ್ಪಿದರೆ 50 ಕಿ.ಮೀ. ಆಚೆ, ಉಡುಪಿಗೆ ಹೋಗಿ ಇಳಿಯುತ್ತೀರಿ. ಹಗಲಾದರೆ ಕಡಲತೀರ ಹಿಡಿದು ತಿರುಗಿ ಬರಬಹುದು. ಬರ್ಮಾ ಗಡಿಯಲ್ಲಿ ಹಾಗೆ ಹಿಡಿದು ಬರಲು ಏನೂ ಇರಲಿಲ್ಲ.

ಹತ್ತು ಡಿಗ್ರಿ ಎಂದದ್ದು ಸುಮ್ಮನೆ ಅಲ್ಲ. ದಿಕ್ಸೂಚಿಯ ಸೂಜಿ ತೋರಿಸುವುದು ಭೂಮಿಯ ಕಾಂತದ ಉತ್ತರವನ್ನು. ನಕ್ಷೆಯ ಉತ್ತರ ಬೇರೆ. ಇಂಗ್ಲೆಂಡಿನಲ್ಲಿ ಆ ವರ್ಷಗಳಲ್ಲಿ ಎರಡರ ನಡುವೆ ಸುಮಾರು 10 ಡಿಗ್ರಿ ವ್ಯತ್ಯಾಸವಿತ್ತು. ಕೂಡಿಸಬೇಕಾದಲ್ಲಿ ಕಳೆದರೆ ತಪ್ಪು 20 ಡಿಗ್ರಿ. ಬಂಗಾಳದಲ್ಲಿ ಈ ವ್ಯತ್ಯಾಸ ಇಲ್ಲವೆನ್ನುವಷ್ಟು ಕಡಿಮೆ. ನ್ಯಾವಿಗೇಟರ್‌ಗೆ ಅದೊಂದು ಸಮಾಧಾನ, ಆದರೆ ಇಂಗ್ಲೆಂಡಿನಲ್ಲಿ ಹಾರಿ ಅಭ್ಯಾಸವಾದವನ ಕೈ ತನ್ನಷ್ಟಕ್ಕೆ 10 ಸೇರಿಸಿಬಿಡುವ ಅಪಾಯವೂ ಇತ್ತು. ಇದರ ಮೇಲೆ ವಿಮಾನದ ಸ್ವಂತ ಕಬ್ಬಿಣ ಸೂಜಿಯನ್ನು ಎಳೆಯುತ್ತದೆ. ಆದ್ದರಿಂದ ವಿಮಾನವನ್ನು ನೆಲದ ಮೇಲೆ ಒಂದೊಂದೇ ದಿಕ್ಕಿಗೆ ತಿರುಗಿಸಿ, ಪ್ರತಿ ದಿಕ್ಕಿಗೂ ಎಷ್ಟು ತಪ್ಪು ಎಂದು ಬರೆದ ಕಾರ್ಡನ್ನು ದಿಕ್ಸೂಚಿಯ ಪಕ್ಕ ಸಿಕ್ಕಿಸುತ್ತಿದ್ದರು. ಆಮೇಲೆ ಯಾರಾದರೂ ಸ್ಪ್ಯಾನರ್ ಒಂದನ್ನು ಅದರ ಹತ್ತಿರ ಇಟ್ಟು ಮರೆತರೆ ಕಾರ್ಡು ಕೆಲಸಕ್ಕೆ ಬಾರದು. ಇನ್ನೂ ದೊಡ್ಡ ಎಡವಟ್ಟು ಪೈಲಟ್‌ನ ದಿಕ್ಸೂಚಿಯದು. ಅದರ ಮೇಲಿನ ಬಳೆಯನ್ನು ತಿರುಗಿಸಿ ಕೋರ್ಸ್ ಇಟ್ಟು, ಬಳೆಯ ಗೆರೆಗಳಿಗೆ ಸೂಜಿ ಹೊಂದುವಂತೆ ವಿಮಾನ ತಿರುಗಿಸಬೇಕು. ಅವಸರದಲ್ಲಿ ಸೂಜಿಯ ಉತ್ತರದ ತುದಿ ಇರಬೇಕಾದ ಕಡೆ ದಕ್ಷಿಣದ ತುದಿ ಕೂತರೆ ಗೆರೆಗಳೇನೋ ಚೆನ್ನಾಗಿ ಹೊಂದುತ್ತವೆ. ವಿಮಾನ ಮಾತ್ರ ಸರಿಯಾಗಿ ತದ್ವಿರುದ್ಧ ದಿಕ್ಕಿಗೆ ಹೋಗುತ್ತದೆ. ಮನೆಗೆ ಬರಬೇಕಾದವರು ಶತ್ರುವಿನ ಕಡೆಗೆ. ಒಳ್ಳೆಯ ನ್ಯಾವಿಗೇಟರ್ ಕೋರ್ಸ್ ಹೇಳಿ ಸುಮ್ಮನಾಗುತ್ತಿರಲಿಲ್ಲ, ಒಂದು ನಿಮಿಷ ಬಿಟ್ಟು ತನ್ನ ದಿಕ್ಸೂಚಿಯನ್ನೂ ನೋಡುತ್ತಿದ್ದ.

ಹಾಗಾಗಿ ಕೆಲಸವೆಲ್ಲ ಗಾಳಿಯನ್ನು ಹಿಡಿಯುವುದರಲ್ಲಿತ್ತು. ಗಾಳಿಯೇ ಇಲ್ಲ ಎಂದುಕೊಂಡು ಚಾರ್ಟಿನ ಮೇಲೆ ವಿಮಾನದ ಮೂತಿ ಮತ್ತು ವೇಗದಂತೆ ಗೆರೆ ಎಳೆಯುತ್ತ ಹೋಗಬೇಕು. 40 ನಿಮಿಷದ ನಂತರ ಕೆಳಗೆ ಒಂದು ನದಿಯ ತಿರುವೋ ರೈಲು ಸೇತುವೆಯೋ ಖಚಿತವಾಗಿ ಕಂಡಿತೆನ್ನಿ. ಗೆರೆಯ ತುದಿಗೂ ಆ ಸೇತುವೆಗೂ ನಡುವೆ 17 ಮೈಲಿ ಅಂತರ, ಸೇತುವೆಯ ಮೇಲಿರುವ ವಿಮಾನ ಉತ್ತರಕ್ಕೆ ಬಂದಿದೆ. 40 ನಿಮಿಷಕ್ಕೆ 17 ಎಂದರೆ ಗಂಟೆಗೆ 25. ಗಾಳಿ ಸಿಕ್ಕಿತು: ದಕ್ಷಿಣದಿಂದ, 25 ನಾಟ್. ಹೊಸ ಕೋರ್ಸ್ ಬರೆದು ಪೈಲಟ್‌ಗೆ ಚೀಟಿ ಕೊಡು, ಸಮಯ ಬರೆ, ಮತ್ತೆ ಶುರು. ಈ ನಡುವೆ ಪೈಲಟ್ ಮೋಡ ತಪ್ಪಿಸಲು ಐದು ನಿಮಿಷ ಎಡಕ್ಕೆ ಹೊರಳಿ ಬಂದು ಅದನ್ನು ಹೇಳದೇ ಇದ್ದರೆ ಆ ಲೆಕ್ಕವೆಲ್ಲ ನೀರುಪಾಲು. ಲಾಗ್ ಪುಟದ ಒಂದು ಸಾಲು ಹೀಗಿರುತ್ತಿತ್ತು ಎಂದುಕೊಳ್ಳಿ: 22.10, ಕೋರ್ಸ್ 090, ವೇಗ 120, ಎತ್ತರ 10,000, ತಾಪ 10, ಸೇತುವೆ ಬಲಕ್ಕೆ ಒಂದು ಮೈಲಿ. ಅಂಥ ಸಾಲುಗಳು ಕೆಲವೇ ನಿಮಿಷಕ್ಕೊಂದರಂತೆ, ಇಳಿಯುವವರೆಗೂ. ಅದನ್ನು ಆಮೇಲೆ ನೆಲದ ಮೇಲೆ ಇನ್ನೊಬ್ಬರು ಕೂತು ತಿದ್ದುತ್ತಿದ್ದರು, ಗಣಿತದ ಮೇಷ್ಟರು ಕಾಪಿ ಪುಸ್ತಕ ತಿದ್ದಿದ ಹಾಗೆ.

ಕೆಳಗೆ ಏನೂ ಕಾಣದಿದ್ದರೆ ಮೇಲೆ ನೋಡಬೇಕು. ವಿಮಾನದ ಬೆನ್ನ ಮೇಲಿನ ಪಾರದರ್ಶಕ ಗುಮ್ಮಟದಲ್ಲಿ ತಲೆ ಇಟ್ಟು ಸೆಕ್ಸ್‌ಟಂಟ್ ಎಂಬ ಕೋನ ಅಳೆಯುವ ಉಪಕರಣದಿಂದ ದಿಗಂತದಿಂದ ನಕ್ಷತ್ರದ ಎತ್ತರ ಎಷ್ಟು ಡಿಗ್ರಿ ಎಂದು ಅಳೆಯುವುದು. ಹಡಗಿನವರಿಗೆ ದಿಗಂತದ ಗೆರೆ ಕಾಣುತ್ತದೆ, ವಿಮಾನದವರಿಗೆ ರಾತ್ರಿ ಕಾಣದು. ಆದ್ದರಿಂದ ಬಡಗಿಯ ಮಟ್ಟದ ಕೊಳವೆಯಲ್ಲಿರುವಂಥ ಗಾಳಿಗುಳ್ಳೆಯೇ ದಿಗಂತ. ವಿಮಾನ ಸ್ವಲ್ಪ ಓಲಾಡಿದರೂ ಗುಳ್ಳೆ ಜಾರುತ್ತದೆ. ಅದಕ್ಕೆ ಹಲವು ಸಲ ಅಳೆದು ಸರಾಸರಿ ತೆಗೆಯಬೇಕು, ಅಷ್ಟು ಹೊತ್ತು ಪೈಲಟ್ ಅಲುಗಾಡದಂತೆ ಹಾರಿಸಬೇಕು. ಗಡಿಯಾರ 4 ಸೆಕೆಂಡ್ ತಪ್ಪಿದರೆ ಸ್ಥಾನ ಒಂದು ಮೈಲಿಯವರೆಗೆ ತಪ್ಪುತ್ತದೆ, ಏಕೆಂದರೆ ಭೂಮಿ ಅಷ್ಟರಲ್ಲಿ ಅಷ್ಟು ತಿರುಗಿರುತ್ತದೆ. ಜೂನ್ ರಾತ್ರಿಯ ಬಂಗಾಳದ ಆಕಾಶದಲ್ಲಿ ಪಶ್ಚಿಮದ ಕಡೆ ಸ್ವಾತಿ, ದಕ್ಷಿಣದಲ್ಲಿ ಜ್ಯೇಷ್ಠಾ, ಈಶಾನ್ಯದಲ್ಲಿ ಅಭಿಜಿತ್ ಇವೆ. ಮೂರು ಮೂರು ದಿಕ್ಕಿಗೆ ಹಂಚಿರುವುದರಿಂದ ಸ್ಥಾನ ಹಿಡಿಯಲು ಸೊಗಸಾದ ಜೋಡಣೆ. ಧ್ರುವ ನಕ್ಷತ್ರದ ಎತ್ತರವೇ ಹೆಚ್ಚುಕಡಿಮೆ ಅಕ್ಷಾಂಶ, ಅಲ್ಲಿ 24 ಡಿಗ್ರಿ. ಪಂಚಾಂಗ ತಿರುವಿ, ಕೋಷ್ಟಕ ನೋಡಿ, ಗೆರೆ ಎಳೆದು ಮುಗಿಸುವಷ್ಟರಲ್ಲಿ ಹತ್ತು ನಿಮಿಷ. ವಿಮಾನ ಅಲ್ಲಿಂದ 23 ಮೈಲಿ ಮುಂದೆ ಹೋಗಿರುತ್ತದೆ. ಮೂರು ಗೆರೆಗಳು ಒಂದು ಬಿಂದುವಿನಲ್ಲಿ ಸೇರುವುದು ಪಾಠದ ಪುಸ್ತಕದಲ್ಲಿ ಮಾತ್ರ. ಚಾರ್ಟಿನ ಮೇಲೆ ಅವು ಒಂದು ತ್ರಿಕೋನ ಮಾಡುತ್ತವೆ. ಅದರ ಒಳಗೆಲ್ಲೋ ಇದ್ದೇವೆ ಎಂದು ತಿಳಿಯಬೇಕು.

ಆದರೆ ಗ್ರೆಗೊರಿ ತೀರಿಕೊಂಡದ್ದು ಜೂನ್ 10ರಂದು. ನಮ್ಮ ರೈತರ ಲೆಕ್ಕದಲ್ಲಿ ಮೃಗಶಿರಾ ಮಳೆ. ಬಂಗಾಳಕ್ಕೂ ಮುಂಗಾರು ಕಾಲಿಡುವುದು ಆ ದಿನಗಳಲ್ಲೇ. ಸ್ವಾತಿಯೂ ಇಲ್ಲ, ಅಭಿಜಿತ್ತೂ ಇಲ್ಲ, ಮೇಲೆ ಮೋಡ, ಕೆಳಗೆ ಮೋಡ. ಮೋಡ ಹರಿದ ಕಡೆ ಕೆಳಗೆ ನೋಡಿದರೂ ಪ್ರಯೋಜನ ಕಡಿಮೆ: ಮೈಮನ್‌ಸಿಂಗ್, ಸಿಲ್ಹೆಟ್ ಕಡೆಯ ತಗ್ಗು ಬಯಲುಗಳು ಮಳೆಗಾಲದಲ್ಲಿ ಸಮುದ್ರದಂತೆ ತುಂಬಿಕೊಳ್ಳುತ್ತವೆ. ಅಲ್ಲಿಯವರು ಅವನ್ನು ಹಾವೊರ್ ಎನ್ನುತ್ತಾರೆ. ನಕ್ಷೆಯಲ್ಲಿ ತೆಳ್ಳಗೆ ನೀಲಿ ಗೆರೆಯಾಗಿರುವ ನದಿ ಕೆಳಗೆ ಹತ್ತಾರು ಮೈಲಿ ಅಗಲದ ನೀರು. ಯಾವ ತಿರುವು ಯಾವುದೆಂದು ಹೇಳುವುದು? ಯೂರೋಪಿನಲ್ಲಿ 1942ರ ಮಾರ್ಚ್‌ನಿಂದ ‘ಜೀ’ ಎಂಬ ರೇಡಿಯೊ ಸಾಧನ ಬಂದು ನ್ಯಾವಿಗೇಟರ್‌ಗಳ ಹೊರೆ ಇಳಿದಿತ್ತು. ಅದರ ಪ್ರಸಾರ ಕೇಂದ್ರಗಳು ಇದ್ದುದು ಇಂಗ್ಲೆಂಡಿನಲ್ಲಿ, ಬಂಗಾಳಕ್ಕೆ ಅದು ತಲುಪುವ ಮಾತೇ ಇಲ್ಲ. ಇಲ್ಲಿದ್ದವರಿಗೆ ಪೆನ್ಸಿಲ್ಲೇ ಗತಿ.

ಗುರಿ ಸಮೀಪಿಸಿದ ಮೇಲೂ ಹಳೆಯ ಪದ್ಧತಿಯ ಅಬ್ಸರ್ವರ್‌ಗೆ ಕೆಲಸ ಮುಗಿಯುತ್ತಿರಲಿಲ್ಲ. ಮೇಜು ಬಿಟ್ಟು ಮೂತಿಗೆ ತೆವಳಿ ಹೋಗಿ, ಬೋರಲು ಮಲಗಿ, ಬಾಂಬ್ ಸೈಟ್‌ನಲ್ಲಿ ಎತ್ತರ, ವೇಗ ಮತ್ತು ಅದೇ ಗಾಳಿಯನ್ನು ತಿರುಗುಣಿಗಳಿಂದ ಇಡಬೇಕು. 10,000 ಅಡಿಯಿಂದ ಬಿಟ್ಟ ಬಾಂಬ್ ನೆಲ ಮುಟ್ಟಲು ಸುಮಾರು 25 ಸೆಕೆಂಡು. ಅಷ್ಟರಲ್ಲಿ ಅದು ಮುಂದಕ್ಕೆ ಒಂದೂಮುಕ್ಕಾಲು ಕಿ.ಮೀ. ಸಾಗಿರುತ್ತದೆ. ದಾರಿಯಲ್ಲಿ ತಪ್ಪಿದ ಗಾಳಿಯೇ ಇಲ್ಲೂ ತಪ್ಪಿಸುತ್ತದೆ, ಒಂದೇ ತಪ್ಪಿಗೆ ಎರಡು ಸಲ ದಂಡ. ಈ ಪದ್ಧತಿ ಎಷ್ಟರಮಟ್ಟಿಗೆ ಕೈಕೊಡುತ್ತಿತ್ತು ಎಂಬುದನ್ನು ಬ್ರಿಟಿಷರೇ 1941ರ ಆಗಸ್ಟ್‌ನಲ್ಲಿ ಲೆಕ್ಕ ಹಾಕಿದರು. ಬಟ್ ವರದಿ ಎಂದು ಅದಕ್ಕೆ ಹೆಸರು. ಸುಮಾರು 630 ಛಾಯಾಚಿತ್ರಗಳನ್ನು ಪರಿಶೀಲಿಸಿದಾಗ, ಗುರಿಗೆ ಬಾಂಬ್ ಹಾಕಿ ಬಂದೆವು ಎಂದ ವಿಮಾನಗಳಲ್ಲಿ ಮೂರಕ್ಕೆ ಒಂದು ಮಾತ್ರ ಗುರಿಯ ಐದು ಮೈಲಿ ಒಳಗೆ ಹೋಗಿತ್ತು. ಜರ್ಮನಿಯ ರೂರ್ ಪ್ರದೇಶದಲ್ಲಿ ಹತ್ತಕ್ಕೆ ಒಂದು. ಚಂದ್ರನಿಲ್ಲದ ರಾತ್ರಿಗಳಲ್ಲಿ ಹದಿನೈದಕ್ಕೆ ಒಂದು. ಇದನ್ನು ಓದಿ ನ್ಯಾವಿಗೇಟರ್‌ಗಳನ್ನು ಬೈಯುವವರು ಮೇಲಿನ ತ್ರಿಕೋನವನ್ನು ಒಮ್ಮೆ ಕತ್ತಲ ಕೋಣೆಯಲ್ಲಿ, ಅಲುಗುವ ಮೇಜಿನ ಮೇಲೆ, ಕೈಗವಸು ಹಾಕಿಕೊಂಡು ಬಿಡಿಸಿ ನೋಡಬಹುದು.

ಇನ್ನು ಮೂರನೆಯ ತಿದ್ದುಪಡಿ. ಗ್ರೆಗೊರಿ 26ನೇ ವಯಸ್ಸಿನಲ್ಲಿ ಸತ್ತದ್ದು ಗಫರ್‌ಗಾಂವ್ ಹತ್ತಿರ. ಕೆಲವು ಕ್ರಿಕೆಟ್ ದಾಖಲೆಗಳಲ್ಲಿ ಅದರ ಮುಂದೆ ‘ಅಸ್ಸಾಂ’ ಎಂದಿದೆ, ನಿಮ್ಮ ಲೇಖಕರೂ ಅದನ್ನೇ ಎತ್ತಿಕೊಂಡಿದ್ದಾರೆ. ಗಫರ್‌ಗಾಂವ್ ಇರುವುದು ಆಗಿನ ಅವಿಭಜಿತ ಬಂಗಾಳದ ಮೈಮನ್‌ಸಿಂಗ್ ಜಿಲ್ಲೆಯಲ್ಲಿ, ಈಗ ಅದು ಬಾಂಗ್ಲಾದೇಶ. ಢಾಕಾದಿಂದ ಮೈಮನ್‌ಸಿಂಗ್‌ಗೆ ಹೋಗುವ ರೈಲು ಆ ಊರಿನ ಮೇಲೇ ಹಾಯುತ್ತದೆ. ಅಕ್ಷಾಂಶ ಸುಮಾರು 24 ಡಿಗ್ರಿ 25 ಮಿನಿಟು ಉತ್ತರ, ರೇಖಾಂಶ 90 ಡಿಗ್ರಿ 33 ಮಿನಿಟು ಪೂರ್ವ. ಸ್ಥಾನವನ್ನು ಮಿನಿಟಿನ ಲೆಕ್ಕದಲ್ಲಿ ಹೇಳುವುದೇ ಕೆಲಸವಾಗಿದ್ದವರ ಮರಣದ ಜಾಗವನ್ನು ಪಕ್ಕದ ಪ್ರಾಂತ್ಯಕ್ಕೆ ಸರಿಸುವುದು ಚೆನ್ನಲ್ಲ.

ಅಂತರ್ಜಾಲ ಆವೃತ್ತಿಯಲ್ಲಿ ತಿದ್ದುವುದು ಸುಲಭವಾದ್ದರಿಂದ ಮೊದಲು ಅಲ್ಲಿ ಬದಲಿಸಿ: ಶೀರ್ಷಿಕೆಯಲ್ಲಿ ‘ಬಾಂಬರ್ ಪೈಲಟ್’ ತೆಗೆದು ‘ಬಾಂಬರ್ ನ್ಯಾವಿಗೇಟರ್’, ಎರಡನೇ ಪ್ಯಾರಾದಲ್ಲಿ ‘ವೀಕ್ಷಕ’ ತೆಗೆದು ‘ಅಬ್ಸರ್ವರ್, ಅಂದರೆ ನ್ಯಾವಿಗೇಟರ್’, ಕೊನೆಯಲ್ಲಿ ‘ಅಸ್ಸಾಂ’ ತೆಗೆದು ‘ಬಂಗಾಳ’. ಚಿತ್ರದ ಅಡಿಬರಹದಲ್ಲೂ ‘ಪೈಲಟ್’ ಎಂದಿದೆ, ಅದನ್ನು ಮರೆಯಬೇಡಿ. ಮುದ್ರಿತ ಸಂಚಿಕೆಗೆ ತಿದ್ದುಪಡಿ ಹಾಕುವುದಾದರೆ ಕ್ರೀಡಾ ಪುರವಣಿಯಲ್ಲೇ ಹಾಕಿ. ಸಂಪಾದಕೀಯ ಪುಟದ ಮೂಲೆಯಲ್ಲಿ ಹಾಕಿದರೆ ಕ್ರಿಕೆಟ್ ಓದುವವರು ಅಲ್ಲಿಯವರೆಗೆ ಬರುವುದಿಲ್ಲ.

ಇಂತಿ,
ನಿಮ್ಮ ಓದುಗರು
ಬೆಂಗಳೂರು